ಇನ್ಸುಲಿನ್ ಪಂಪು: ಕಟ್ಟಿಕೊಳ್ಳುವ ಮುನ್ನ

ಇನ್ಸುಲಿನ್ ಪಂಪಿನ ಮಾತು ಬಂದಾಗ ವೀಕ್ಷಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಇದು: “ಇದರಿಂದ ಸೂಜಿಯ ಕಾಟ ತಪ್ಪುತ್ತದೆಯೇ?” ಬಹುಮಟ್ಟಿಗೆ ತಪ್ಪುತ್ತದೆ. ದಿನಕ್ಕೆ ನಾಲ್ಕೈದು ಚುಚ್ಚುಮದ್ದಿನ ಬದಲು ಎರಡು ಮೂರು ದಿನಕ್ಕೊಮ್ಮೆ ಚುಚ್ಚಿಕೊಂಡರೆ ಸಾಕು. ಆದರೆ ಸಕ್ಕರೆಯ ಮೇಲೆ ಇಡಬೇಕಾದ ನಿಗಾ ತಪ್ಪುವುದಿಲ್ಲ.

ಆರೋಗ್ಯವಂತರ ಮೇದೋಜೀರಕ ಗ್ರಂಥಿ ದಿನವಿಡೀ ಸ್ವಲ್ಪ ಸ್ವಲ್ಪವಾಗಿಯೂ ಊಟ ಮಾಡಿದಾಗ ಹೆಚ್ಚಾಗಿಯೂ ಇನ್ಸುಲಿನ್ ಸ್ರವಿಸುತ್ತದೆ. ಒಂದನೆಯ ಬಗೆಯ ಮಧುಮೇಹದಲ್ಲಿ ಈ ಸ್ರಾವ ಬಹುತೇಕ ನಿಂತುಹೋಗಿರುತ್ತದೆ. ಪಂಪು ಅದನ್ನೇ ಅನುಕರಿಸುತ್ತದೆ. 1960ರ ದಶಕದ ಆರಂಭದಲ್ಲಿ ಅಮೆರಿಕದ ವೈದ್ಯ ಆರ್ನಾಲ್ಡ್ ಕಾಡಿಶ್ ರಚಿಸಿದ ಪಂಪನ್ನು ಬೆನ್ನಿಗೆ ಹೊತ್ತುಕೊಳ್ಳಬೇಕಿತ್ತು. ಇಂದಿನದು ಜೇಬಿನಲ್ಲಿ ಹಿಡಿಸುತ್ತದೆ. ಅದರಿಂದ ಹೊರಟ ಸಣ್ಣ ನಳಿಕೆಯ ತುದಿ ಹೊಟ್ಟೆಯ ಚರ್ಮದಡಿ ಇರುತ್ತದೆ.

ಆರಂಭದ ಪ್ರಮಾಣವನ್ನು ವೈದ್ಯರೇ ನಿರ್ಧರಿಸುತ್ತಾರೆ. ಚುಚ್ಚುಮದ್ದಿನಲ್ಲಿ ದಿನಕ್ಕೆ 48 ಯೂನಿಟ್ ತೆಗೆದುಕೊಳ್ಳುತ್ತಿದ್ದವರಿಗೆ ಕಾಲು ಭಾಗ ಇಳಿಸಿದರೆ 36 ಯೂನಿಟ್ ಆಯಿತು. ಅದರ ಅರ್ಧ, ಅಂದರೆ 18 ಯೂನಿಟ್, ಗಂಟೆಗೆ 0.75ರಂತೆ 24 ಗಂಟೆಯೂ ಹರಿಯುತ್ತದೆ. ಉಳಿದರ್ಧ ಊಟ ತಿಂಡಿಗೆ. ಇದು ಲೆಕ್ಕದ ರೀತಿ ತೋರಿಸುವ ಉದಾಹರಣೆ ಮಾತ್ರ. ಪ್ರಮಾಣ ಒಬ್ಬೊಬ್ಬರಿಗೆ ಒಂದೊಂದು.

ಊಟದ ಪಾಲನ್ನು ಒತ್ತಿ ಕೊಡಬೇಕಾದವರು ರೋಗಿಯೇ. ಆದ್ದರಿಂದ ಅನ್ನ, ಮುದ್ದೆ, ಇಡ್ಲಿ, ಬಾಳೆಹಣ್ಣುಗಳಲ್ಲಿ ಶರ್ಕರಪಿಷ್ಟ ಎಷ್ಟೆಂದು ಅಂದಾಜು ಮಾಡಲು ಕಲಿಯಬೇಕು. ಮೊದಲ ಕೆಲವು ವಾರ ಮನೆಯಲ್ಲಿ ಅಳತೆಯ ಬಟ್ಟಲೊಂದನ್ನು ಇಟ್ಟುಕೊಂಡರೆ ಅನುಕೂಲ. ಸಂವೇದಕದ ನೆರವಿನಿಂದ ತಾನೇ ಹೆಚ್ಚು ಕಡಿಮೆ ಮಾಡಿಕೊಳ್ಳುವ ಪಂಪುಗಳು ಈಗ ಇವೆ; ಸಾಮಾನ್ಯವಾಗಿ ಅವಕ್ಕೂ ಊಟದ ವಿವರ ತಿಳಿಸಬೇಕು.

ನಮ್ಮ ದೇಶದಲ್ಲಿ ಇನ್ನೊಂದು ಎಚ್ಚರ ಅಗತ್ಯ. ಇಲ್ಲಿನ ಔಷಧಿ ಅಂಗಡಿಗಳಲ್ಲಿ ದೊರೆಯುವ ಅನೇಕ ಇನ್ಸುಲಿನ್ ಬಾಟಲಿಗಳಲ್ಲಿ ಮಿಲಿಲೀಟರಿಗೆ 40 ಯೂನಿಟ್ ಇರುತ್ತದೆ. ಪಂಪುಗಳ ಲೆಕ್ಕ ಸಾಮಾನ್ಯವಾಗಿ 100 ಯೂನಿಟ್‌ನದು. 40ರ ಔಷಧಿ ತುಂಬಿದರೆ ದೇಹಕ್ಕೆ ಸಿಗುವುದು ಅರ್ಧಕ್ಕಿಂತಲೂ ಕಡಿಮೆ.

ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಹೀಗಿದೆ. ದೀರ್ಘಕಾಲ ಕೆಲಸ ಮಾಡುವ ಚುಚ್ಚುಮದ್ದು ಸುಮಾರು ಒಂದು ದಿನ ದೇಹದಲ್ಲಿರುತ್ತದೆ. ಪಂಪಿನಲ್ಲಿರುವುದು ಬೇಗ ಕೆಲಸ ಮಾಡಿ ಬೇಗ ಮುಗಿಯುವ ಇನ್ಸುಲಿನ್. ರಾತ್ರಿ ನಳಿಕೆ ಮಡಚಿಕೊಂಡರೆ, ತುದಿ ಕಳಚಿದರೆ, ಕೆಲವೇ ಗಂಟೆಗಳಲ್ಲಿ ದೇಹದಲ್ಲಿ ಇನ್ಸುಲಿನ್ ಬರಿದಾಗುತ್ತದೆ. ಆಗ ಕೊಬ್ಬು ಕರಗಿ ಕೀಟೋನ್ ಎಂಬ ಆಮ್ಲಗಳು ರಕ್ತದಲ್ಲಿ ಸೇರುತ್ತವೆ. ವಾಂತಿ, ಹೊಟ್ಟೆನೋವು, ಏದುಸಿರು ಇದರ ಲಕ್ಷಣಗಳು. ಅಲಕ್ಷಿಸಿದರೆ ಪ್ರಾಣಕ್ಕೇ ಅಪಾಯ.

ಸಕ್ಕರೆ 250 ಮಿಲಿಗ್ರಾಂ ದಾಟಿ ಇಳಿಯದಿದ್ದರೆ ಕೀಟೋನ್ ಪರೀಕ್ಷಿಸಿ. ಕೀಟೋನ್ ಕಂಡರೆ ಪಂಪನ್ನು ನಂಬಿ ಕೂರದೆ ಪೆನ್ ಅಥವಾ ಸಿರಿಂಜಿನಿಂದ ವೈದ್ಯರು ಹೇಳಿಕೊಟ್ಟಷ್ಟು ಇನ್ಸುಲಿನ್ ತೆಗೆದುಕೊಳ್ಳಿ, ನಳಿಕೆ ಬದಲಿಸಿ, ವೈದ್ಯರಿಗೆ ತಿಳಿಸಿ. ವಾಂತಿಯಾಗುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಸಕ್ಕರೆ 70ಕ್ಕಿಂತ ಇಳಿದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, 15 ನಿಮಿಷದ ಬಳಿಕ ಮತ್ತೆ ಪರೀಕ್ಷಿಸಿ.

ಪಂಪು ಕಟ್ಟಿಕೊಂಡವರ ಚೀಲದಲ್ಲಿ ಗ್ಲುಕೋಮೀಟರ್, ಹೆಚ್ಚುವರಿ ನಳಿಕೆ, ಬ್ಯಾಟರಿ, ಇನ್ಸುಲಿನ್, ಪೆನ್ ಅಥವಾ ಸಿರಿಂಜು ಸದಾ ಇರಬೇಕು. ಮನೆಯವರಲ್ಲಿ ಒಬ್ಬರಾದರೂ ಇವುಗಳ ಬಳಕೆ ಕಲಿತಿರಬೇಕು. ಇಷ್ಟು ಸಿದ್ಧತೆಯಾದ ಮೇಲೆ ಪಂಪಿನ ವಿಚಾರವನ್ನು ವೈದ್ಯರೊಡನೆ ಧೈರ್ಯವಾಗಿ ಮಾತನಾಡಬಹುದು.