ತೊಟ್ಟಿಲು ಎರಡು, ಇರುಳು ಒಂದು

ಮನೆಯಲ್ಲಿ ಅವಳಿ ಮಕ್ಕಳು ಹುಟ್ಟಿದರೆಂಬ ವಾರ್ತೆ ಕಿವಿಗೆ ಬಿದ್ದೊಡನೆ ಬಂಧುಬಾಂಧವರು ಲವಕುಶರನ್ನೋ ನಕುಲಸಹದೇವರನ್ನೋ ನೆನೆದು ಹರಸುವುದು ನಮ್ಮಲ್ಲಿ ಬಹುಕಾಲದ ರೂಢಿ. ಆ ಹಾರೈಕೆ ಹೃತ್ಪೂರ್ವಕವಾದದ್ದೇ. ಆದರೆ ಆ ಎರಡು ಕಥೆಗಳೊಳಗಿರುವ ಒಂದು ಸಂಗತಿಯ ಕಡೆಗೆ ನಮ್ಮ ಗಮನ ಹರಿಯುವುದು ಅಪೂರ್ವ. ಲವಕುಶರು ಬೆಳೆದದ್ದು ವಾಲ್ಮೀಕಿಯ ಆಶ್ರಮದಲ್ಲಿ, ಹಿರಿಯ ತಪಸ್ವಿನಿಯರ ಆರೈಕೆಯ ನಡುವೆ. ಮಾದ್ರಿ ಇಲ್ಲವಾದ ಮೇಲೆ ನಕುಲಸಹದೇವರನ್ನು ತನ್ನ ಮಕ್ಕಳೆಂದೇ ಭಾವಿಸಿ ಸಲಹಿದವಳು ಕುಂತಿ. ಇಬ್ಬರು ಶಿಶುಗಳನ್ನು ಏಕಕಾಲದಲ್ಲಿ ಪೋಷಿಸುವುದು ಒಬ್ಬಳ ಎರಡು ಕೈಗಳಿಗೆ ಮೀರಿದ ಕಾರ್ಯವೆಂಬುದನ್ನು ನಮ್ಮ ಪೂರ್ವಿಕರು ಬಲ್ಲವರಾಗಿದ್ದರೆಂದು ಇದರಿಂದ ಊಹಿಸಬಹುದು. ಇಂದಿನ ಮನೆಗಳಿಗೆ ಆಶ್ರಮದ ನೆರವಿಲ್ಲ. ಕುಂತಿಯಂಥವಳು ಎಲ್ಲ ಮನೆಯಲ್ಲಿಯೂ ದೊರೆಯಳು. ಹೀಗಿರುವಲ್ಲಿ ಬಾಣಂತಿಯ ಪಕ್ಕದಲ್ಲಿ ಹಗಲಿರುಳೂ ನಿಲ್ಲತಕ್ಕವರು ಯಾರು ಎಂಬ ಪ್ರಶ್ನೆಗೆ ನನಗೆ ತೋರುವ ಉತ್ತರ ಒಂದೇ: ಆ ಮಕ್ಕಳ ತಂದೆ.

ಅವಳಿ ಹೆರಿಗೆ ಮೊದಲಿಗಿಂತ ಈಗ ಹೆಚ್ಚಾಗಿದೆ. ಒಂದೇ ಅಂಡವು ಎರಡಾಗಿ ಒಡೆದು ಹುಟ್ಟುವ, ಒಬ್ಬರನ್ನೊಬ್ಬರು ಹೋಲುವ ಅವಳಿಗಳ ಸಂಖ್ಯೆ ಲೋಕದಲ್ಲೆಲ್ಲ ಬಹುಮಟ್ಟಿಗೆ ಸಮಾನವಾಗಿದ್ದು, ಸಾವಿರ ಹೆರಿಗೆಗಳಲ್ಲಿ ಸುಮಾರು ನಾಲ್ಕರಷ್ಟು ಮಾತ್ರ. ಎರಡು ಬೇರೆ ಅಂಡಗಳಿಂದ ಹುಟ್ಟುವವರ ಸಂಖ್ಯೆಯಾದರೋ ತಾಯಿಯ ವಯಸ್ಸು, ತಾಯಿಯ ಕಡೆಯ ವಂಶಗುಣ, ಸಂತಾನಕ್ಕಾಗಿ ಪಡೆದ ಚಿಕಿತ್ಸೆ ಇವುಗಳಿಗೆ ಅನುಸಾರವಾಗಿ ಏರುತ್ತದೆ. 1980ರ ದಶಕದಲ್ಲಿ ಜಗತ್ತಿನಲ್ಲಿ ಸಾವಿರ ಹೆರಿಗೆಗೆ ಒಂಬತ್ತರಷ್ಟಿದ್ದ ಅವಳಿ ಹೆರಿಗೆಗಳು ಈಗ ಹನ್ನೆರಡರಷ್ಟಾಗಿವೆ. ತಡವಾಗಿ ತಾಯಂದಿರಾಗುವವರೂ ಚಿಕಿತ್ಸೆಯ ಫಲವಾಗಿ ತಾಯಂದಿರಾಗುವವರೂ ಹೆಚ್ಚಾಗಿರುವ ನಮ್ಮ ನಗರಗಳಲ್ಲಿ ಜೋಡಿ ತೊಟ್ಟಿಲು ಈಗ ವಿಸ್ಮಯದ ವಸ್ತುವಾಗಿ ಉಳಿದಿಲ್ಲ.

ಈ ಮಕ್ಕಳು ಮನೆಗೆ ಬರುವ ಬಗೆಯೇ ಬೇರೆ. ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು 37 ವಾರಗಳು ತುಂಬುವ ಮೊದಲೇ ಹುಟ್ಟುತ್ತಾರೆ. ಎರಡೂವರೆ ಕಿಲೋಗ್ರಾಂಗಿಂತ ಕಡಿಮೆ ತೂಕವು ಅವರಲ್ಲಿ ಸಾಮಾನ್ಯ. ಆದುದರಿಂದ ಎಷ್ಟೋ ಸಂಸಾರಗಳಲ್ಲಿ ಒಂದು ಮಗು ತಾಯಿಯೊಡನೆ ಮನೆಗೆ ಬಂದು, ಇನ್ನೊಂದು ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಉಳಿಯುವುದುಂಟು. ಹೊಲಿಗೆಯ ಗಾಯವಿನ್ನೂ ಮಾಯದ ಹೆಂಗಸು ಮನೆಯ ಮಗುವಿಗೆ ಹಾಲೂಡಿಸಿ, ಹಿಂಡಿದ ಹಾಲನ್ನು ಬಟ್ಟಲಲ್ಲಿ ಮುಚ್ಚಿಟ್ಟು ಆಟೋರಿಕ್ಷಾ ಹತ್ತಿ ಆಸ್ಪತ್ರೆಗೆ ಹೋಗಿ, ಅಲ್ಲಿರುವಾಗ ಇಲ್ಲಿಯ ಮಗುವಿಗಾಗಿಯೂ ಇಲ್ಲಿರುವಾಗ ಅಲ್ಲಿಯ ಮಗುವಿಗಾಗಿಯೂ ಮರುಗುತ್ತ ಕಳೆಯುವ ಆ ದಿನಗಳ ಸಂಕಟವನ್ನು ಸಮೀಪದಿಂದ ಕಂಡವರು ಮರೆಯಲಾರರು. ಆ ಹಾಲನ್ನು ಆಸ್ಪತ್ರೆಗೆ ಒಯ್ಯುವ ಕೆಲಸವನ್ನಾದರೂ ತಂದೆ ತನ್ನದಾಗಿಸಿಕೊಂಡರೆ ತಾಯಿಗೆ ದಿನಕ್ಕೆ ಎರಡು ಗಂಟೆಯ ನಿದ್ರೆ ಲಭಿಸುತ್ತದೆ. ಆ ಎರಡು ಗಂಟೆಯ ಬೆಲೆಯನ್ನು ಅವಳೊಬ್ಬಳೇ ಬಲ್ಲಳು.

ಇಬ್ಬರೂ ಮನೆ ಸೇರಿದ ಮೇಲೆ ಲೆಕ್ಕವೇ ಬದಲಾಗುತ್ತದೆ. ನವಜಾತ ಶಿಶುವು ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಕುಡಿಯತಕ್ಕದ್ದು. ಇಬ್ಬರೆಂದರೆ ಹದಿನಾರರಿಂದ ಇಪ್ಪತ್ತನಾಲ್ಕು ಸಲ. ಒಂದೊಂದು ಸಲಕ್ಕೆ ಅರ್ಧ ಗಂಟೆಯೆಂದರೂ ದಿನದಲ್ಲಿ ಎಂಟರಿಂದ ಹನ್ನೆರಡು ಗಂಟೆಗಳು ಹಾಲೂಡಿಕೆಯೊಂದಕ್ಕೇ ಸಲ್ಲುತ್ತವೆ. ತೇಗು ಬರಿಸುವುದು, ಒದ್ದೆ ಬಟ್ಟೆ ಬದಲಿಸುವುದು, ಮತ್ತೆ ಮಲಗಿಸುವುದು ಇವೆಲ್ಲ ಇದರ ಮೇಲೆ. ಹಸುಳೆಗಳು ದಿನಕ್ಕೆ ಹದಿನಾರು ಗಂಟೆ ನಿದ್ರಿಸುತ್ತವೆಂಬುದು ನಿಜವೇ. ಆದರೆ ಆ ನಿದ್ರೆ ಎರಡು ಮೂರು ಗಂಟೆಗಳ ತುಂಡುಗಳಾಗಿ ಬರುತ್ತದೆ. ಹಗಲು ಇರುಳುಗಳ ಭೇದವನ್ನು ದೇಹವು ಅರಿಯುವುದಕ್ಕೆ ಎರಡು ಮೂರು ತಿಂಗಳುಗಳೇ ಬೇಕು. ಆದಕಾರಣ ಒಂದು ಮಗು ಹಾಲಿಗೆ ಎದ್ದಾಗ ಇನ್ನೊಂದನ್ನೂ ಎಬ್ಬಿಸಿ ಕುಡಿಸಿಬಿಡುವುದು ಅನುಭವಿಗಳ ಪದ್ಧತಿ. ಮಲಗಿರುವ ಕೂಸನ್ನು ಎಬ್ಬಿಸಬಾರದೆಂಬ ಹಿರಿಯರ ಮಾತು ಒಂಟಿ ಮಗುವಿನ ಮನೆಗೆ ಎಷ್ಟೇ ಹಿತವಾಗಿರಲಿ, ಇಲ್ಲಿ ಅದನ್ನು ಪಾಲಿಸಿದರೆ ತಾಯಿಗೆ ಕಣ್ಣು ಮುಚ್ಚುವ ಅವಕಾಶವೇ ಇರದು.

ಇಬ್ಬರಿಗೆ ಸಾಕಾಗುವಷ್ಟು ಹಾಲು ಒಬ್ಬ ತಾಯಿಯಲ್ಲಿ ಹುಟ್ಟೀತೆ ಎಂಬ ಸಂಶಯ ಮನೆಮಂದಿಯನ್ನೆಲ್ಲ ಕಾಡುತ್ತದೆ. ಹುಟ್ಟುತ್ತದೆ. ಎದೆಹಾಲು ತೋಡಿದಷ್ಟೂ ಜಿನುಗುವ ಒರತೆಯಂತೆ. ಮಗು ಹೀರಿದಷ್ಟು, ಇಲ್ಲವೆ ಕೈಯಿಂದ ಹಿಂಡಿ ತೆಗೆದಷ್ಟು ಮತ್ತೆ ಊರುತ್ತದೆ. ಮೊದಲ ಕೆಲವು ದಿನ ಒಬ್ಬೊಬ್ಬರಿಗೇ ಬೇರೆಬೇರೆಯಾಗಿ ಕುಡಿಸಿ, ಇಬ್ಬರೂ ಮೊಲೆ ಹಿಡಿಯುವುದನ್ನು ಕಲಿತ ಮೇಲೆ, ತಾಯಿಯ ಎರಡು ಪಕ್ಕಗಳಲ್ಲಿಯೂ ದಿಂಬುಗಳನ್ನಿಟ್ಟು, ಮಕ್ಕಳ ತಲೆ ಅವಳ ಅಂಗೈಯಲ್ಲಿಯೂ ಕಾಲುಗಳು ಅವಳ ಕಂಕುಳ ಕೆಳಗೆ ಬೆನ್ನ ಕಡೆಗೂ ಬರುವಂತೆ ಮಲಗಿಸಿ ಇಬ್ಬರಿಗೂ ಒಮ್ಮೆಗೇ ಊಡಿಸಬಹುದು. ಎರಡನೆಯ ಮಗುವನ್ನು ಎತ್ತಿಕೊಡಲು ಆರಂಭದ ವಾರಗಳಲ್ಲಿ ಪಕ್ಕದಲ್ಲೊಬ್ಬರು ಇರಲೇಬೇಕು. ಹೀರುವ ಶಕ್ತಿ ಸಾಲದ ಅತಿ ಸಣ್ಣ ಕೂಸಿಗೆ ನಮ್ಮ ಅಜ್ಜಿಯರ ಒಳಲೆ ಇಂದಿಗೂ ಒದಗಿಬರುತ್ತದೆ. ಉದ್ದ ಮೂತಿಯ ಆ ಪುಟ್ಟ ಪಾತ್ರೆಯನ್ನು ಶಿಶು ಘಟಕಗಳಲ್ಲಿ ದಾದಿಯರೂ ಬಳಸುತ್ತಾರೆ. ಏತಕ್ಕೆಂದರೆ ಸೀಸೆಗಿಂತ ಅದನ್ನು ಕುದಿಸಿ ಶುಚಿಮಾಡುವುದು ಸುಲಭ, ಮಗು ರಬ್ಬರಿನ ತೊಟ್ಟಿಗೆ ಒಗ್ಗಿ ಮೊಲೆಯನ್ನು ಬಿಡುವ ಭಯವೂ ಇಲ್ಲ. ಒಳಲೆಯಲ್ಲಿ ಹಾಲು ಹಾಕುವುದಕ್ಕೆ ಹೆಣ್ಣಾಗಿರಬೇಕೆಂಬ ನಿಯಮ ಎಲ್ಲಿಯೂ ಇಲ್ಲ.

ನಮ್ಮ ಬೀದಿಯ ಒಂದು ಮನೆಯಲ್ಲಿ, ಗೋಡೆಯ ಕ್ಯಾಲೆಂಡರಿನ ಮೊಳೆಗೇ ದಾರ ಕಟ್ಟಿ ತೂಗುಹಾಕಿದ್ದ ಒಂದು ನೋಟುಪುಸ್ತಕವನ್ನು ನಾನು ಕಂಡಿದ್ದೇನೆ. ನಾಮಕರಣ ಇನ್ನೂ ಆಗಿರಲಿಲ್ಲವಾಗಿ, ಅಚ್ಚು ಒಂದೇ ರೂಪದ ಆ ಎರಡು ಹೆಣ್ಣುಕೂಸುಗಳ ಕಾಲಿಗೆ ಅಜ್ಜಿ ಕಟ್ಟಿದ್ದ ದಾರದ ಬಣ್ಣವೇ ಅವುಗಳ ಹೆಸರಾಗಿತ್ತು. ಪುಟದ ಎಡಕ್ಕೆ ‘ಕೆಂಪು’, ಬಲಕ್ಕೆ ‘ಕಪ್ಪು’. ಕೆಳಗೆ ಹಾಲು ಕುಡಿದ ವೇಳೆ, ಒಳಲೆಯಲ್ಲಿ ಹಾಕಿದ್ದರೆ ಅದರ ಅಳತೆ, ಉಚ್ಚೆ ಹೊಯ್ದ ಲೆಕ್ಕ. ರಾತ್ರಿ ಎರಡು ಗಂಟೆಯ ಸಾಲುಗಳೆಲ್ಲ ತಂದೆಯ ಅಕ್ಷರದಲ್ಲಿದ್ದವು. ನಿದ್ರೆಗೆಟ್ಟ ಮನೆಯಲ್ಲಿ ಒಬ್ಬಳಿಗೇ ಎರಡು ಸಲ ಕುಡಿಸಿ ಇನ್ನೊಬ್ಬಳನ್ನು ಮರೆಯುವುದು ಅಸಂಭವವೇನಲ್ಲ. ಪುಸ್ತಕವಿದ್ದರೆ ಆ ಅಪಾಯ ತಪ್ಪುತ್ತದೆ. ಐದು ದಿನ ಕಳೆದ ಮಗು ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದರೆ, ಹುಟ್ಟಿದ ಮೇಲೆ ಸ್ವಲ್ಪ ಇಳಿದ ತೂಕವು ಎರಡು ವಾರದೊಳಗೆ ಮರಳಿ ಬಂದರೆ, ಹಾಲು ಸಾಲುತ್ತಿದೆಯೆಂದು ತಿಳಿಯಬಹುದು. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಕೇಳುವ ಪ್ರಶ್ನೆಗಳಿಗೆಲ್ಲ ಆ ಪುಟಗಳಲ್ಲಿ ಉತ್ತರವಿತ್ತು.

ಆ ತಂದೆ ತನ್ನ ಮಾವನ ಮನೆಯಲ್ಲಿದ್ದುಕೊಂಡು ಇದನ್ನು ಮಾಡುತ್ತಿದ್ದನೆಂಬುದು ವಿಶೇಷ. ತವರುಮನೆಯ ಬಾಣಂತನವೆಂಬುದು ಹೆಣ್ಣಿನ ಮೈಮನಗಳ ಆರೈಕೆಗೆ ನಮ್ಮ ಸಮಾಜವು ಕಂಡುಕೊಂಡ ಒಂದು ಉದಾತ್ತವಾದ ವ್ಯವಸ್ಥೆ. ಅದನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಮೂರು ತಿಂಗಳೋ ಐದು ತಿಂಗಳೋ ಆ ವ್ಯವಸ್ಥೆಯು ತಂದೆಯನ್ನು ಭಾನುವಾರದ ಅತಿಥಿಯನ್ನಾಗಿ ಮಾಡಿ, ಹೋಳಿಗೆಯೂಟ ಬಡಿಸಿ, ಮಗುವನ್ನು ಒಂದು ಗಳಿಗೆ ಕೈಗೆ ಕೊಟ್ಟು ಕಳುಹಿಸಿಬಿಡುತ್ತದೆ. ಅಷ್ಟು ಕಾಲ ಅರವತ್ತು ದಾಟಿದ ಅಜ್ಜಿಯೊಬ್ಬಳು ಇಬ್ಬರು ಶಿಶುಗಳ ರಾತ್ರಿಯನ್ನು ಹೊರಬೇಕಾಗುತ್ತದೆ. ಮೊದಲ ವಾರದಲ್ಲಿ ಆ ಮನೆಯ ಅಜ್ಜಿ, “ನೀವು ಹೋಗಿ ಮಲಗಿ, ನಾಳೆ ಆಫೀಸಿಗೆ ಹೋಗಬೇಕಲ್ಲ” ಎಂದು ಅಳಿಯನನ್ನು ಕೋಣೆಯಿಂದ ಕಳುಹಿಸುತ್ತಿದ್ದರಂತೆ. “ಅತ್ತೆ, ನೀವು ಮೂರು ಗಂಟೆಯವರೆಗೆ ಮಲಗಿ, ಆಮೇಲೆ ಎಬ್ಬಿಸುತ್ತೇನೆ” ಎಂದು ಅವನು ಪಟ್ಟು ಹಿಡಿದ ಮೇಲೆ ಇರುಳು ಎರಡು ಪಾಳಿಗಳಾಗಿ ಹಂಚಿಹೋಯಿತು. ಅಜ್ಜಿಯ ಸಂಕೋಚ ಸಹಜವಾದುದು. ಅದನ್ನು ಮೆಲ್ಲನೆ ಕಳೆಯುವ ಹೊಣೆ ಅಳಿಯನದೇ.

ತಂದೆಯ ಎದೆಯೂ ಮಗುವಿಗೆ ಆಶ್ರಯವಾಗಬಲ್ಲುದೆಂಬುದಕ್ಕೆ ವೈದ್ಯಶಾಸ್ತ್ರದ ಸಾಕ್ಷ್ಯವಿದೆ. 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾ ನಗರದ ಆಸ್ಪತ್ರೆಯೊಂದರಲ್ಲಿ ಶಿಶುಗಳನ್ನು ಬೆಚ್ಚಗಿಡುವ ಪೆಟ್ಟಿಗೆಗಳು ಸಾಲದೆ, ಒಂದೊಂದರಲ್ಲಿ ಹಲವು ಮಕ್ಕಳನ್ನು ಮಲಗಿಸಿ ಸೋಂಕು ಹರಡುತ್ತಿದ್ದಾಗ, ಎಡ್ಗರ್ ರೇ ಸನಾಬ್ರಿಯಾ ಎಂಬ ವೈದ್ಯರು ಅವಧಿಗೆ ಮುನ್ನ ಹುಟ್ಟಿದ ಕೂಸುಗಳನ್ನು ತಾಯಂದಿರ ಬರಿಯೆದೆಗೆ ಕಟ್ಟುವ ಕ್ರಮವನ್ನು ಆರಂಭಿಸಿದರು. ಕಾಂಗರೂ ಆರೈಕೆಯೆಂದು ಹೆಸರಾದ ಈ ಕ್ರಮವನ್ನು ಹುಟ್ಟಿದ ಕೂಡಲೆ ಆರಂಭಿಸಿದರೆ ಅಲ್ಪತೂಕದ ಶಿಶುಗಳ ಮರಣವು ಕಾಲುಭಾಗದಷ್ಟು ಇಳಿಯುತ್ತದೆಂದು, ಭಾರತವೂ ಸೇರಿದಂತೆ ಐದು ದೇಶಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೇತೃತ್ವದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು. ಅಂಗಿ ಕಳಚಿ, ಕುಲಾವಿ ತೊಟ್ಟ ಬರಿಮೈಯ ಮಗುವನ್ನು ಎದೆಗೆ ನೆಟ್ಟಗೆ ಒರಗಿಸಿ, ಮೇಲೊಂದು ಪಂಚೆಯನ್ನು ಬಿಗಿದು ಕಟ್ಟಿಕೊಂಡು ಒರಗುಕುರ್ಚಿಯಲ್ಲಿ ಎಚ್ಚರವಾಗಿ ಕುಳಿತರೆ, ತಂದೆಯ ಮೈಶಾಖವು ಮಗುವಿನ ಶಾಖವನ್ನು ಕಾಯುತ್ತದೆ. ಅವಳಿಗಳ ಮನೆಗೆ ಇದು ಹೇಳಿಮಾಡಿಸಿದ ಉಪಾಯ: ಒಂದು ತಾಯಿಗೆ, ಒಂದು ತಂದೆಗೆ.

ಬಾಣಂತಿಯ ಕೋಣೆಯ ಹಳೆಯ ಆಚಾರಗಳಲ್ಲಿ ಉಳಿಸಿಕೊಳ್ಳತಕ್ಕವು ಬಹಳ. ಸಬ್ಬಸಿಗೆ ಸೊಪ್ಪಿನ ಪಲ್ಯ, ಅಂಟಿನುಂಡೆ, ಬಿಸಿ ತುಪ್ಪದ ಅನ್ನ ಇವನ್ನೆಲ್ಲ ತಾಯಿ ಉಣ್ಣಲಿ. ಒಂದೇ ಮಗುವಿಗೆ ಹಾಲೂಡುವವಳಿಗೂ ದಿನಕ್ಕೆ ಹೆಚ್ಚಾಗಿ 600 ಕ್ಯಾಲೊರಿ ಬೇಕೆಂದು ನಮ್ಮ ದೇಶದ ಆಹಾರಶಾಸ್ತ್ರಜ್ಞರೇ ಗೊತ್ತುಮಾಡಿದ್ದಾರೆ. ಆದರೆ ಬಾಣಂತಿ ನೀರು ಕುಡಿಯಬಾರದೆಂಬ ಕಟ್ಟು ಸಲ್ಲದು. ಬಾಯಾರಿದಷ್ಟೂ ಅವಳು ಕುಡಿಯಬೇಕು. ಶ್ವಾಸಕೋಶ ಇನ್ನೂ ಬಲಿಯದ ಕೂಸಿಗೆ ಸಾಂಬ್ರಾಣಿಯ ಹೊಗೆ ಬೇಡ, ನಾಲಿಗೆಗೆ ಜೇನು ಬೇಡ, ಕಿವಿಗೆ ಎಣ್ಣೆ ಬೇಡ. ಮಲಗಿಸುವಾಗ ಬೆನ್ನ ಮೇಲೆ, ಒಬ್ಬೊಬ್ಬರಿಗೆ ಪ್ರತ್ಯೇಕವಾದ ಸಮತಟ್ಟು ಹಾಸಿಗೆ. ಇಬ್ಬರೂ ಒಟ್ಟಿಗೆ ಅಳುವ ಸಂಜೆಗಳಲ್ಲಿ ತಾಳ್ಮೆ ಕೆಟ್ಟರೆ ಮಗುವನ್ನು ಹಾಸಿಗೆಯ ಮೇಲಿಟ್ಟು ಹೊರಗೆ ಬಂದು ನಿಲ್ಲಿ; ಹಿಡಿದು ಅಲುಗಿಸುವುದು ಪ್ರಾಣಾಪಾಯಕರ. ಅಳು ಆರನೆಯ ವಾರದ ಸುಮಾರಿಗೆ ಶಿಖರಕ್ಕೇರಿ, ಮೂರು ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ.

ಒಂದು ಸಂಗತಿಯನ್ನು ಮಾತ್ರ ಯಾರೂ ಮರೆಯಕೂಡದು. 34 ವಾರಕ್ಕೆ ಮುನ್ನ ಹುಟ್ಟಿದ ಅಥವಾ ಎರಡು ಕಿಲೋಗ್ರಾಂಗಿಂತ ಕಡಿಮೆ ತೂಕದ ಮಗುವಿನ ಕಣ್ಣಿನ ಅಕ್ಷಿಪಟಲವನ್ನು ಹುಟ್ಟಿದ ಮೂವತ್ತು ದಿನದೊಳಗೆ ನೇತ್ರವೈದ್ಯರು ಪರೀಕ್ಷಿಸಬೇಕು. ಅತಿ ಸಣ್ಣ ಕೂಸುಗಳಿಗೆ ಇನ್ನೂ ಬೇಗ. ಅಲ್ಲಿ ಬೆಳೆಯುವ ವಿಕೃತ ರಕ್ತನಾಳಗಳು ಹೊರಗಿನಿಂದ ಕಾಣವು. ಸಕಾಲದಲ್ಲಿ ಲೇಸರ್ ಚಿಕಿತ್ಸೆಯಾದರೆ ಬಹುತೇಕ ದೃಷ್ಟಿ ಉಳಿಯುತ್ತದೆ, ಕೆಲವು ವಾರ ತಡವಾದರೆ ಜೀವಮಾನದ ಅಂಧತ್ವ. ಕರ್ನಾಟಕದಲ್ಲಿ 2008ರಿಂದ ‘ಕಿಡ್‌ರಾಪ್’ ಎಂಬ ಯೋಜನೆಯವರು ಕ್ಯಾಮೆರಾವನ್ನು ಜಿಲ್ಲೆಗಳ ಶಿಶು ಘಟಕಗಳಿಗೇ ಕೊಂಡೊಯ್ದು ಈ ಪರೀಕ್ಷೆ ನಡೆಸುತ್ತ ಬಂದಿದ್ದಾರೆ. ಆಸ್ಪತ್ರೆಯಿಂದ ಹೊರಡುವ ದಿನ ಕೇಳಬೇಕಾದ ಮೊದಲ ಪ್ರಶ್ನೆ ಈ ಪರೀಕ್ಷೆಯ ದಿನಾಂಕ. ಇನ್ನು ಬೆಳವಣಿಗೆಯ ವಿಚಾರದಲ್ಲಿ, ಆರು ವಾರ ಮುಂಚೆ ಹುಟ್ಟಿದ ಮಗು ಆರು ವಾರ ತಡವಾಗಿ ನಕ್ಕರೆ ಅದು ತಡವೇ ಅಲ್ಲ. ಹೆರಿಗೆಯ ನಿಗದಿಯಾದ ದಿನದಿಂದಲೇ ವಯಸ್ಸನ್ನು ಎಣಿಸಬೇಕು. ಲಸಿಕೆಗಳಿಗೆ ಮಾತ್ರ ಹುಟ್ಟಿದ ದಿನವೇ ಲೆಕ್ಕ.

ತಾಯಿಯ ಮನಸ್ಸಿನ ಮಾತು ಬಹಳ ಮನೆಗಳಲ್ಲಿ ಯಾರ ನಾಲಿಗೆಗೂ ಬರುವುದಿಲ್ಲ. ಹೆರಿಗೆಯಾದ ಮೊದಲ ದಿನಗಳಲ್ಲಿ ಕಾರಣವಿಲ್ಲದೆ ಕಣ್ಣೀರು ಬರುವುದು ಸಾಮಾನ್ಯ. ಎರಡು ವಾರ ಕಳೆದರೂ ಆ ಮಂಕು ಹರಿಯದಿದ್ದರೆ, ಮಕ್ಕಳು ಮಲಗಿದಾಗಲೂ ಅವಳಿಗೆ ನಿದ್ರೆ ಹತ್ತದಿದ್ದರೆ, ಮಕ್ಕಳನ್ನು ಕಂಡು ಏನೂ ಅನಿಸದಿದ್ದರೆ ಅದು ಚಿಕಿತ್ಸೆ ಬೇಡುವ ಖಿನ್ನತೆ. ಅವಳಿಗಳ ತಾಯಂದಿರಲ್ಲಿ ಅದು ಹೆಚ್ಚು. ಇಬ್ಬರು ಮಕ್ಕಳ ಭಾಗ್ಯವಂತೆ ಅಳುವುದೇಕೆ ಎಂಬ ಮಾತಿಗಿಂತ ಕ್ರೂರವಾದ ಸಾಂತ್ವನವನ್ನು ನಾನು ಕೇಳಿಲ್ಲ. ಮಾನಸಿಕ ಆರೋಗ್ಯದ ಸಹಾಯವಾಣಿಯಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆಮಾಡಿ ಕನ್ನಡದಲ್ಲಿ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಕೂಸನ್ನೂ ಅಗಲಿಸದೆ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ನೀಡುವ ಘಟಕವಿದೆ.

ನಮ್ಮ ಕಾನೂನು ಈ ಸಂಸಾರದ ಕಡೆಗೆ ಇನ್ನೂ ಪೂರ್ಣವಾಗಿ ಕಣ್ಣು ತೆರೆದಿಲ್ಲ. 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ಆದ ತಿದ್ದುಪಡಿಯಿಂದ ತಾಯಿಗೆ 26 ವಾರಗಳ ರಜೆ ದೊರೆಯಿತು. ಹುಟ್ಟಿದವರು ಇಬ್ಬರಾದರೂ ರಜೆ ಅಷ್ಟೇ. ಕೇಂದ್ರ ಸರ್ಕಾರದ ನೌಕರನಾದ ತಂದೆಗೆ 15 ದಿನ. ಖಾಸಗಿ ಉದ್ಯೋಗದ ತಂದೆಗೆ ಮಾಲೀಕರು ಒಪ್ಪಿದಷ್ಟು. ಅವಳಿಗಳ ತಂದೆಗೆ ಒಂದು ತಿಂಗಳ ರಜೆಯನ್ನಾದರೂ ಕಾನೂನೇ ಕೊಡಬೇಕೆಂದು ನಾನು ದೃಢವಾಗಿ ನಂಬುತ್ತೇನೆ. ಅದು ಬರುವವರೆಗೆ, ಇರುವ ಕೆಲವೇ ದಿನಗಳನ್ನು ಹೆರಿಗೆಯ ವಾರದಲ್ಲೇ ಮುಗಿಸದೆ ಅರ್ಧವನ್ನು ಉಳಿಸಿಕೊಂಡು, ಬಾಣಂತನ ಮುಗಿದು ತಾಯಿಮಕ್ಕಳು ಗಂಡನ ಮನೆಗೆ ಮರಳುವ ವಾರಕ್ಕೆ ಬಳಸುವುದು ಯುಕ್ತ. ಸರ್ಕಾರಿ ನಿಯಮದಲ್ಲಿ ಮಗುವಿಗೆ ಆರು ತಿಂಗಳು ತುಂಬುವವರೆಗೆ ಈ ರಜೆಯನ್ನು ಪಡೆಯಬಹುದು; ಅದನ್ನು ಭಾಗಮಾಡಿ ಪಡೆಯಬಹುದೇ ಎಂಬುದನ್ನು ಕಚೇರಿಯಲ್ಲಿ ಮೊದಲೇ ಕೇಳಿ ತಿಳಿಯಬೇಕು, ಖಾಸಗಿಯವರು ಬರೆಸಿಕೊಳ್ಳಬೇಕು. ಏತಕ್ಕೆಂದರೆ ಅಜ್ಜಿಯ ಕೈಗಳು ಒಮ್ಮೆಲೇ ಇಲ್ಲವಾಗುವುದು ಆ ವಾರದಲ್ಲಿ.