ಬೆರಳು ಹೋಯ್ತು, ಕೇಸ್ ಗೆದ್ದಾಯ್ತು: ಆಮೇಲೇನು?

ಸಾಮಿಲ್, ರೈಸ್ ಮಿಲ್, ಜಲ್ಲಿ ಕ್ರಷರ್, ಲಾರಿ ಲೋಡಿಂಗ್. ಇಂಥ ಕೆಲಸದಲ್ಲಿ ಕೈಯೋ ಕಾಲೋ ಕಳಕೊಂಡವರಿಗೆ ಕೋರ್ಟಿನಿಂದ ಪರಿಹಾರ ಬಂತು ಅಂದ ಕೂಡಲೇ ಊರಲ್ಲಿ ಒಂದೇ ಮಾತು: "ಲಕ್ಷಗಟ್ಟಲೆ ಬಂತಂತೆ, ಇನ್ನೇನು ಚಿಂತೆ?" ಆ ದುಡ್ಡು ಎಷ್ಟು ದಿನ ಬರುತ್ತೆ, ಮುಂದೆ ಇನ್ನೇನು ಕೇಳಬಹುದು ಅನ್ನೋದು ಎಷ್ಟೋ ಸಲ ಗೆದ್ದವರಿಗೇ ಗೊತ್ತಿರುವುದಿಲ್ಲ.

ಮೊದಲು ಲೆಕ್ಕ. 1923ರ ನೌಕರರ ಪರಿಹಾರ ಕಾಯ್ದೆ ಪ್ರಕಾರ ತಿಂಗಳ ಸಂಬಳದ ಶೇ. 60ನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸುತ್ತಾರೆ. 35 ವರ್ಷದವರಿಗೆ ಆ ಅಂಕಿ 197.06. ಸಂಬಳ ಎಷ್ಟೇ ಇರಲಿ, 2020ರ ಜನವರಿಯಿಂದ ಲೆಕ್ಕಕ್ಕೆ ಹಿಡಿಯೋದು 15,000 ರೂ.ವರೆಗೆ ಮಾತ್ರ. ಅಷ್ಟು ದುಡಿಯುತ್ತಿದ್ದ 35 ವರ್ಷದವನಿಗೆ ದುಡಿಮೆ ಪೂರ್ತಿ ಹೋಯ್ತು ಅಂತಾದರೆ 17,73,540 ರೂ. ಒಂದು ಕೈಯ ನಾಲ್ಕು ಬೆರಳು ಹೋದರೆ ಕಾಯ್ದೆಯ ಪಟ್ಟಿಯಲ್ಲಿ ಶೇ. 50 ನಷ್ಟ, ಅಂದರೆ 8,86,770 ರೂ. ಹೆಬ್ಬೆರಳು ಒಂದೇ ಆದರೆ ಶೇ. 30. ಅಪಘಾತವಾಗಿ ಒಂದು ತಿಂಗಳೊಳಗೆ ಮಾಲೀಕರು ಕೊಡದಿದ್ದರೆ ವರ್ಷಕ್ಕೆ ಶೇ. 12 ಬಡ್ಡಿ ಸೇರುತ್ತೆ. (2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ಅದಕ್ಕೂ ಮುಂಚಿನ ಅಪಘಾತಗಳಿಗೆ ಹಳೇ ಕಾಯ್ದೆಯೇ.)

ಆದೇಶವಾದ ಮಾತ್ರಕ್ಕೆ ದುಡ್ಡು ಕೈಗೆ ಬಂತು ಅಂತಲ್ಲ. ಮಾಲೀಕರು 60 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ ಹಾಕಬಹುದು, ಆದರೆ ಅದಕ್ಕೆ ಮೊದಲು ಪರಿಹಾರದ ಹಣ ಠೇವಣಿ ಇಡಲೇಬೇಕು. ಕೊಡದೇ ಸತಾಯಿಸಿದರೆ ಭೂಕಂದಾಯ ಬಾಕಿಯಂತೆ ವಸೂಲಿ ಮಾಡಿಸಿ ಅಂತ ಅರ್ಜಿ ಹಾಕಬಹುದು.

ಇನ್ನು ಬಂದ ದುಡ್ಡಿನ ಕಥೆ. ಇದು ಒಂದೇ ಸಲ ಬರುವ ಹಣ. ಆಸ್ಪತ್ರೆಗೆ ಮಾಡಿದ ಕೈಸಾಲ, ಒತ್ತೆ ಇಟ್ಟ ಒಡವೆ, ಕೇಸ್ ನಡೆದಷ್ಟು ವರ್ಷ ಕಿರಾಣಿ ಅಂಗಡಿಯಲ್ಲಿ ಬರೆಸಿದ ಲೆಕ್ಕ, ವಕೀಲರ ಫೀಸು ಎಲ್ಲಾ ಕಳೆದು 5 ಲಕ್ಷ ಉಳೀತು ಅಂತಿಟ್ಟುಕೊಳ್ಳಿ. ಬ್ಯಾಂಕಲ್ಲಿ ಎಫ್‌ಡಿ ಇಟ್ಟು ಶೇ. 6.5 ಬಡ್ಡಿ ಸಿಕ್ಕರೆ ತಿಂಗಳಿಗೆ 2,700 ರೂ. ಚಿಲ್ಲರೆ. ಮುಂಚೆ ಅದೇ ಮನೆಗೆ 15,000 ಬರ್ತಿತ್ತು. ಪರಿಹಾರದ ಹಣವನ್ನು ಸಾಲ ಕೊಟ್ಟವರು ಜಪ್ತಿ ಮಾಡಿಸುವಂತಿಲ್ಲ ಅಂತ ಕಾಯ್ದೆ ಹೇಳುತ್ತೆ. ಆದರೆ ಕೈಗೆ ಬಂದ ಮೇಲೆ ಮನೆ ಬಾಗಿಲಿಗೆ ಬರೋರನ್ನು, "ಒಂದು ಲಕ್ಷ ಕೊಡು, ಸುಗ್ಗಿಗೆ ತಿರುಗಿಸ್ತೀನಿ" ಅನ್ನೋ ನೆಂಟರನ್ನು ತಡೆಯೋ ಕಲಂ ಇಲ್ಲ. ನ್ಯಾಯಾಲಯ ಒಂದಷ್ಟು ಭಾಗವನ್ನು ಎಫ್‌ಡಿಯಲ್ಲಿ ಇಡಿಸಿದರೆ ಬೇಜಾರು ಮಾಡಿಕೊಳ್ಳಬೇಡಿ, "ಕೋರ್ಟು ಬಿಡ್ತಿಲ್ಲ" ಅನ್ನೋ ಒಂದು ನೆಪವಾದರೂ ಸಿಗುತ್ತೆ.

ಪೂರ್ತಿ ಮೊತ್ತ ತಗೊಂಡ ಮೇಲೆ ಗಾಯ ಕೆಟ್ಟು ಇನ್ನೊಂದು ಆಪರೇಷನ್ ಬೇಕಾದರೆ ಅದೇ ಕೇಸನ್ನು ಮತ್ತೆ ತೆರೆಸೋದು ಬಹಳ ಕಷ್ಟ. ಅಲ್ಲಿವರೆಗಿನ ಚಿಕಿತ್ಸೆಯ ಬಿಲ್ಲುಗಳನ್ನು ಕೇಸಲ್ಲೇ ಕೊಟ್ಟಿರಬೇಕು.

ಎರಡು ಪರ್ಸೆಂಟೇಜು, ಎರಡೂ ಬೇರೆ

ಜನ ಎಡವೋದು ಇಲ್ಲೇ. ಕೋರ್ಟು ನೋಡೋದು ದುಡಿಯುವ ಶಕ್ತಿ ಎಷ್ಟು ಹೋಯ್ತು ಅಂತ. 1975ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಎಡಗೈ ಕಳಕೊಂಡ ಬಡಗಿಯೊಬ್ಬರ ಕೇಸ್ ಬಂದಿತ್ತು. ಒಂದು ಕೈಯಲ್ಲಿ ಮರಗೆಲಸ ಆಗೋದಿಲ್ಲ, ಆದ್ದರಿಂದ ನಷ್ಟ ಪೂರ್ತಿ ಶೇ. 100 ಅಂತ ಕೋರ್ಟ್ ಒಪ್ಪಿತು. ಅಂಗವಿಕಲರ ಯುಡಿಐಡಿ ಕಾರ್ಡಿಗೆ ವೈದ್ಯಕೀಯ ಮಂಡಳಿ ನೋಡೋದು ಬೇರೆ, ದೇಹಕ್ಕೆ ಎಷ್ಟು ಊನ ಅಂತ. ನೀವು ಬಡಗಿಯೋ ಗುಮಾಸ್ತರೋ ಅಲ್ಲಿ ಮುಖ್ಯವಲ್ಲ. ಹಾಗಾಗಿ ಕೋರ್ಟಲ್ಲಿ ಶೇ. 50 ಬಂದವರಿಗೆ ಕಾರ್ಡಿನಲ್ಲಿ ಅದಕ್ಕಿಂತ ಕಡಿಮೆ ಬರಬಹುದು. ಶೇ. 40 ದಾಟದಿದ್ದರೆ ಪಿಂಚಣಿ ಇಲ್ಲ, ಬಸ್ ಪಾಸೂ ಇಲ್ಲ. ಕೋರ್ಟಿನ ಆದೇಶ ಹಿಡಿದು ನಾಡಕಚೇರಿಗೆ ಹೋದರೆ ಕೆಲಸ ಆಗೋದಿಲ್ಲ, ಕಾರ್ಡನ್ನು ಬೇರೆಯಾಗಿಯೇ ಮಾಡಿಸಬೇಕು.

ಕಾರ್ಡ್ ಇದ್ದರೆ, ಆದಾಯ ಮಿತಿಯೊಳಗಿರುವವರಿಗೆ ರಾಜ್ಯ ಸರ್ಕಾರದ ಪಿಂಚಣಿ ಇದೆ. ಶೇ. 40ರಿಂದ 75ರವರೆಗೆ ತಿಂಗಳಿಗೆ 800 ರೂ., ಅದಕ್ಕಿಂತ ಹೆಚ್ಚಿದ್ದರೆ 1,400 ರೂ. ಕಡಿಮೆಯೇ, ಆದರೂ ಬಿಡೋದು ಯಾಕೆ? ಊರಿಂದ 100 ಕಿ.ಮೀ. ವ್ಯಾಪ್ತಿಗೆ ರಿಯಾಯಿತಿ ಬಸ್ ಪಾಸ್ ಸಿಗುತ್ತೆ. ಪೆಟ್ಟಿಗೆ ಅಂಗಡಿ ಹಾಕೋರಿಗೆ ಆಧಾರ ಯೋಜನೆಯಲ್ಲಿ ಸಾಲ, ಸಹಾಯಧನ ಇದೆ. ಇದಕ್ಕೆಲ್ಲ ಮೊದಲು ಕಾಣಬೇಕಾದವರು ಗ್ರಾಮ ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರು, ಅಂದರೆ ವಿಆರ್‌ಡಬ್ಲ್ಯೂ. ಕಟ್ಟಡ ಕಾರ್ಮಿಕರ ಕಾರ್ಡ್ ಇದ್ದರೆ ಮಂಡಳಿಯ ದುರ್ಬಲತೆ ಪಿಂಚಣಿ ಬೇರೆ ಉಂಟು, ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ವಿಚಾರಿಸಿ. ಇಎಸ್‌ಐ ಇದ್ದವರ ದಾರಿಯೇ ಬೇರೆ: ಅವರಿಗೆ ಈ ಕೇಸಿಲ್ಲ, ನಷ್ಟಕ್ಕೆ ತಕ್ಕಂತೆ ಜೀವನಪೂರ್ತಿ ಹಣ ಬರುತ್ತೆ.

ಕೆಲಸದ ವಿಷಯ ಮಾತ್ರ ಕಹಿ. ಸರ್ಕಾರಿ ಸಂಸ್ಥೆಯಲ್ಲಿ ಕೆಲಸದಲ್ಲಿದ್ದಾಗ ಅಂಗವಿಕಲರಾದರೆ ತೆಗೆಯುವಂತಿಲ್ಲ, ಬೇರೆ ಹುದ್ದೆ ಕೊಡಬೇಕು ಅಂತ 2016ರ ಕಾಯ್ದೆ ಹೇಳುತ್ತೆ. ಸಾಮಿಲ್ಲಿನವನಿಗೆ ಆ ರಕ್ಷಣೆ ಇಲ್ಲ. ಮಾಲೀಕರು ಪರಿಹಾರ ಕಟ್ಟಿದರೆ ಅಲ್ಲಿಗೆ ಸಂಬಂಧ ಮುಗೀತು. ಬಿಲ್ ಬರೆಯೋದು, ತೂಕ ನೋಡೋದು, ಗೋಡೌನ್ ಬೀಗ ಕಾಯೋದು, ಇವಕ್ಕೆ ಹತ್ತೂ ಬೆರಳು ಬೇಕಿಲ್ಲ ಅನ್ನೋದನ್ನು ಪೇಟೆಯ ಅಂಗಡಿಯವರು ಯೋಚಿಸಬಹುದು.

ಅಂಗಡಿ, ಮಿಲ್ ಇಟ್ಟವರಿಗೆ ಇನ್ನೊಂದು ಮಾತು. ನಿಮ್ಮದೇ ಕೆಲಸವನ್ನು ಗುತ್ತಿಗೆಗೆ ಕೊಟ್ಟು ಮಾಡಿಸುವಾಗ ಗುತ್ತಿಗೆದಾರನ ಆಳಿಗೆ ಏಟಾದರೂ ಪರಿಹಾರವನ್ನು ನಿಮ್ಮಿಂದಲೇ ಕೇಳಬಹುದು, ಆಮೇಲೆ ನೀವು ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬೇಕು. "ಪರಿಹಾರ ಕೇಳೋದಿಲ್ಲ" ಅಂತ ಛಾಪಾ ಕಾಗದದಲ್ಲಿ ಬರೆಸಿಕೊಂಡಿದ್ದರೂ ಅದು ನಡೆಯೋದಿಲ್ಲ. ಕಾರ್ಮಿಕ ಪರಿಹಾರ ವಿಮೆ ಮಾಡಿಸಿದ್ದರೆ ಹೊರೆ ಕಂಪನಿ ಮೇಲೆ ಹೋಗುತ್ತೆ. ಆದರೆ ಕಾರಣವಿಲ್ಲದೆ ತಡ ಮಾಡಿದ್ದಕ್ಕೆ ಪರಿಹಾರದ ಶೇ. 50ರವರೆಗೆ ದಂಡ ಬಿದ್ದರೆ, ಅದನ್ನು ಮಾಲೀಕರೇ ಜೇಬಿಂದ ಕಟ್ಟಬೇಕು.