ನಾದವನ್ನು ಯಂತ್ರಕ್ಕೆ ಒಗ್ಗಿಸುವ ಬಗೆ

ಸಭೆಯಲ್ಲಿ ತಂಬೂರಿ ಮೀಟುವವರು ಕಾಣರು. ಆದರೂ ಶ್ರುತಿ ಕೇಳಿಬರುತ್ತದೆ. ಯಾರೋ ಕೀಲಿಮಣೆಯ ಒಂದು ಮನೆಯನ್ನು ಒತ್ತಿದ್ದಾರೆ, ಅಷ್ಟೆ. ವಾಚಕರಲ್ಲಿ ಹಲವರು ಇದನ್ನು ಕಂಡು ಬೆರಗಾಗಿರಬಹುದು. ಈ ಕೆಲಸ ಮಾಡುವ ಯಂತ್ರಕ್ಕೆ ಸ್ಯಾಂಪ್ಲರ್ ಎಂದು ಹೆಸರು. ನಾವು ತುಂಬಿಕೊಟ್ಟ ನಾದದ ತುಣುಕನ್ನೇ ಅದು ಒತ್ತಿದ ಮನೆಗೆ ತಕ್ಕ ಸ್ವರದಲ್ಲಿ ಮತ್ತೆ ನುಡಿಯುತ್ತದೆ. ಆದರೆ ತುಂಬುವ ಮೊದಲು ತುಣುಕನ್ನು ಯಂತ್ರಕ್ಕೆ ಒಗ್ಗಿಸಬೇಕು.

ಉದಾಹರಣೆಗೆ ಜಪಾನಿನ ಅಕಾಯಿ ಸಂಸ್ಥೆಯು 1988ರಲ್ಲಿ ಹೊರತಂದ ಎಸ್-1000 ಎಂಬ ಯಂತ್ರವನ್ನು ನೋಡೋಣ. ಇದಕ್ಕೆ ಕೀಲಿಮಣೆಯಿಲ್ಲ, ಪೆಟ್ಟಿಗೆ ಮಾತ್ರ. ಬೇರೊಂದು ಕೀಲಿಮಣೆಯನ್ನು ತಂತಿಯಿಂದ ಜೋಡಿಸಿ ನುಡಿಸಬೇಕು. ಹಳೆಯದಾದರೂ ಇಂದಿಗೂ ಇದನ್ನು ಬಳಸುವವರಿದ್ದಾರೆ. ಇದರ ಮೂಲ ಸ್ಮರಣಕೋಶ 2 ಮೆಗಾಬೈಟು.

ಛಂದಸ್ಸಿನಲ್ಲಿ ಪದ್ಯವನ್ನು ಮಾತ್ರೆಗಳಿಂದ ಅಳೆಯುವಂತೆ ಯಂತ್ರವು ನಾದವನ್ನು ಅಳೆಯುತ್ತದೆ. ಸೆಕೆಂಡಿಗೆ 44,100 ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ 16 ಬಿಟ್ಟುಗಳಲ್ಲಿ, ಎಂದರೆ 2 ಬೈಟುಗಳಲ್ಲಿ, ಬರೆದಿಡುತ್ತದೆ. ಹೀಗೆ ಒಂದು ಸೆಕೆಂಡಿಗೆ 88,200 ಬೈಟು. 2 ಮೆಗಾಬೈಟಿನಲ್ಲಿ ಹಿಡಿಯುವುದು ಸುಮಾರು 23 ಸೆಕೆಂಡು ಮಾತ್ರ. ಎಡ ಬಲ ಎರಡೂ ಕಿವಿಗಳಿಗೆ ಬೇರೆ ಬೇರೆ ನಾದ ಬೇಕೆಂದರೆ ಅದರ ಅರ್ಧ. ಆದ್ದರಿಂದ ತಂಬೂರಿಯಂಥ ನಾದಕ್ಕೆ ಒಂದೇ ಧಾರೆ ಸಾಕು. ಮೊದಲ ಮತ್ತು ಕೊನೆಯ ಮೌನವನ್ನೂ ಕತ್ತರಿಸಿಬಿಡಬೇಕು.

ಅಳತೆಯನ್ನು 22,050ಕ್ಕೆ ಇಳಿಸಿದರೆ ಕಾಲ ಇಮ್ಮಡಿಯಾಗುವುದು ನಿಜ. ಆದರೆ ಅಳತೆಯ ಸಂಖ್ಯೆ ಎಷ್ಟೋ ಅದರ ಅರ್ಧಕ್ಕಿಂತ ಕಡಿಮೆ ಕಂಪನವುಳ್ಳ ನಾದ ಮಾತ್ರ ಸರಿಯಾಗಿ ಉಳಿಯುತ್ತದೆ. ಈ ನಿಯಮವನ್ನು ಕ್ಲಾಡ್ ಶ್ಯಾನನ್ ಎಂಬ ವಿದ್ವಾಂಸರು 1949ರಲ್ಲಿ ಸ್ಪಷ್ಟಪಡಿಸಿದರು. 11,025ನ್ನು ಮೀರಿದ ಕಂಪನಗಳನ್ನು ಮೊದಲೇ ಸೋಸಿ ತೆಗೆಯದಿದ್ದರೆ ಅವು ಸುಮ್ಮನೆ ಮರೆಯಾಗವು. ಸುಳ್ಳು ಸ್ವರಗಳಾಗಿ ಕೆಳಗಿಳಿದು ಬಂದು ಕಾಡುತ್ತವೆ. ಸೋಸಿದರೂ ತಂಬೂರಿಯ ಝೇಂಕಾರ ಮಂಕಾಗುತ್ತದೆ.

ಇಲ್ಲಿ ನಾನೇ ಮಾಡಿದ ತಪ್ಪೊಂದನ್ನು ಹೇಳಬೇಕು. ನಮ್ಮ ಶಾಲೆಯ ಸಂಗೀತದ ಮೇಷ್ಟ್ರು ನಿವೃತ್ತರಾಗುವ ಮುನ್ನ ಅವರ ತಂಬೂರಿಯನ್ನು ಮುದ್ರಿಸಿಕೊಂಡಿದ್ದೆ. ಅದು ಸೆಕೆಂಡಿಗೆ 48,000 ಅಳತೆಯದು. ಮಕ್ಕಳ ಪ್ರಾರ್ಥನೆಗೆಂದು ಯಂತ್ರಕ್ಕೆ ತುಂಬುವಾಗ, ನಾದವನ್ನು ಹೊಸ ಅಳತೆಗೆ ಮಾರ್ಪಡಿಸದೆ, ಕಡತದ ತಲೆಬರಹದಲ್ಲಿ ಮಾತ್ರ 44,100 ಎಂದು ಬದಲಾಯಿಸಿದೆ. ಫಲವೇನು? ಹತ್ತು ಸೆಕೆಂಡಿನ ನಾದ ಹತ್ತಿರ ಹತ್ತಿರ ಹನ್ನೊಂದು ಸೆಕೆಂಡಾಯಿತು. ಶ್ರುತಿ ಸುಮಾರು ಒಂದೂವರೆ ಅರ್ಧಸ್ವರ ಕೆಳಗಿಳಿಯಿತು. ಮಂದ್ರದಲ್ಲಿ ಮಕ್ಕಳ ಕಂಠ ಏಳಲೇ ಇಲ್ಲ. ಹಾಡು ಎರಡನೆಯ ಸಾಲಿಗೇ ನಿಂತಿತು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಮೇಷ್ಟ್ರು, "ಸ್ವಾಮಿ, ಇದು ನನ್ನ ತಂಬೂರಿಯಲ್ಲ" ಎಂದರು. ಹೆಸರು ಬದಲಿಸುವುದು ಬೇರೆ, ಅಳತೆಯನ್ನೇ ಹೊಸದಾಗಿ ಲೆಕ್ಕಹಾಕಿಸುವುದು ಬೇರೆ. ಎರಡನೆಯದನ್ನೇ ಮಾಡತಕ್ಕದ್ದು, ಕಂಪ್ಯೂಟರಿನ ಧ್ವನಿ ಸಂಪಾದನೆಯ ತಂತ್ರಾಂಶಗಳು ಸೋಸುವ ಕೆಲಸವನ್ನೂ ಸೇರಿಸಿ ಇದನ್ನು ಮಾಡಿಕೊಡುತ್ತವೆ.

ಮುದ್ರಣ 24 ಬಿಟ್ಟಿನದಾಗಿದ್ದರೆ 16ಕ್ಕೆ ಇಳಿಸುವುದನ್ನು ಕಟ್ಟಕಡೆಯಲ್ಲಿ ಇಟ್ಟುಕೊಳ್ಳಿ. ಕೊನೆಯ ಅಂಕಿಗಳನ್ನು ಹಾಗೆಯೇ ಕತ್ತರಿಸಿದರೆ ಕ್ಷೀಣಿಸುತ್ತ ಹೋಗುವ ನಾದ ಒರಟಾಗುತ್ತದೆ. ಡಿದರ್ ಎಂಬ ಅತಿ ಸೂಕ್ಷ್ಮ ಮರ್ಮರವನ್ನು ಬೆರೆಸಿ ಇಳಿಸಿದರೆ ಆ ದೋಷ ಅಡಗುತ್ತದೆ. ಇನ್ನು ಎಂಪಿ-ತ್ರೀ ಕಡತದಿಂದ ಆರಂಭಿಸಬೇಡಿ. ಅದನ್ನು ವೇವ್ ರೂಪಕ್ಕೆ ತಂದರೆ ಗಾತ್ರ ಬೆಳೆಯುವುದೇ ಹೊರತು ಹೋದ ನಾದ ಮರಳದು; ಹಿಂಡಿದ ಸಿಪ್ಪೆಯನ್ನು ನೆನೆಸಿದರೆ ಕಬ್ಬಾದೀತೆ?

ಶ್ರುತಿ ಎಡೆಬಿಡದೆ ನಡೆಯಲು ತುಣುಕಿನ ಕೊನೆ ಮೊದಲಿಗೆ ಕೂಡಿಕೊಳ್ಳಬೇಕು. ಅಲೆಯು ಶೂನ್ಯವನ್ನು ದಾಟುವ, ಎರಡೂ ಕಡೆ ಒಂದೇ ದಿಕ್ಕಿಗೆ ಸಾಗುವ ಸ್ಥಳಗಳನ್ನು ಆರಿಸದಿದ್ದರೆ ಪ್ರತಿ ಸುತ್ತಿಗೂ 'ಟಕ್' ಎನ್ನುವುದು. ಮೂಲ ಸ್ವರ ಯಾವ ಮನೆಯದೆಂದೂ ಯಂತ್ರಕ್ಕೆ ತಿಳಿಸಬೇಕು. ಹೆಸರು 12 ಅಕ್ಷರಗಳನ್ನು ಮೀರಬಾರದು. ಎಸ್-1000 ಯಂತ್ರದ ಫ್ಲಾಪಿ ತಟ್ಟೆಯ ಬರವಣಿಗೆಯ ಕ್ರಮವೇ ಬೇರೆ. ವೇವ್ ಕಡತವನ್ನು ಹಾಗೆಯೇ ಇಟ್ಟುಕೊಟ್ಟರೆ ಅದು ಓದದು. ಆ ಕ್ರಮದಲ್ಲಿ ಬರೆಯಬಲ್ಲ ತಂತ್ರಾಂಶದಿಂದಲೇ ತಟ್ಟೆಯನ್ನು ಸಿದ್ಧಪಡಿಸಬೇಕು.

ಕಡೆಯದಾಗಿ ಒಂದು ಮಾತು. ಓಲೆಗರಿಯನ್ನು ಪ್ರತಿಮಾಡಿದ ಮೇಲೆ ಮೂಲವನ್ನು ಒಲೆಗೆ ಹಾಕುವವರುಂಟೆ? ಮಾರ್ಪಾಟುಗಳನ್ನೆಲ್ಲ ನಕಲಿನ ಮೇಲೆಯೇ ಮಾಡಿ, ಮೂಲವನ್ನು ಮುಟ್ಟಬೇಡಿ. ಅಂದು ನನ್ನಲ್ಲಿ ಮೂಲ ಮುದ್ರಣ ಉಳಿದಿದ್ದುದರಿಂದಲೇ ತಪ್ಪನ್ನು ತಿದ್ದುವುದು ಸಾಧ್ಯವಾಯಿತು. ಮೇಷ್ಟ್ರು ಈಗಿಲ್ಲ. ಅವರ ತಂಬೂರಿ ಪ್ರತಿದಿನ ಬೆಳಿಗ್ಗೆ ಪ್ರಾರ್ಥನೆಗೆ ನುಡಿಯುತ್ತಿದೆ, ಅವರೇ ಇಟ್ಟ ಶ್ರುತಿಯಲ್ಲಿ.